ಕುಂಟುವ ನಾಯಿಗೂ ಎರಡನೆಯ ವೈದ್ಯರ ಸಲಹೆ ಬೇಕೆ?

ಪ್ರತಿ ವರ್ಷವೂ ಸಂಘದ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ಮಧುಮೇಹ, ರಕ್ತದೊತ್ತಡ, ಮಂಡಿನೋವು ಮೊದಲಾದ ವಿಷಯಗಳನ್ನು ಕುರಿತು ತಜ್ಞರಾದ ವೈದ್ಯಮಿತ್ರರು ಬರೆಯುತ್ತ ಬಂದಿದ್ದಾರೆ. ಅವರ ಪಂಕ್ತಿಯಲ್ಲಿ ವಾಣಿಜ್ಯ ಪದವೀಧರನೂ ಬ್ಯಾಂಕಿನ ಅಧಿಕಾರಿಯೂ ಆದ ನಾನು ಕುಳಿತು ನಾಯಿಯ ಕಾಲುನೋವನ್ನು ಕುರಿತು ಬರೆಯಹೊರಟಿರುವುದು ಕೆಲವರಿಗೆ ಅಧಿಕಪ್ರಸಂಗವೆಂದು ತೋರಬಹುದು. ಆದರೆ ಪುಣೆಯ ನಮ್ಮ ಕನ್ನಡ ಮನೆಗಳ ಸ್ಥಿತಿಯನ್ನು ವಾಚಕರು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ಮಗ ಬೆಂಗಳೂರಿನಲ್ಲಿ, ಮಗಳು ಅಮೆರಿಕದಲ್ಲಿ. ಅವರು ಶಾಲೆಯಲ್ಲಿದ್ದಾಗ ಹಟ ಹಿಡಿದು ತರಿಸಿದ ನಾಯಿಮರಿ ಮಾತ್ರ ಇಲ್ಲಿಯೇ ಉಳಿದು, ತಂದೆತಾಯಿಯರೊಡನೆ ತಾನೂ ಮುದಿಯಾಗಿದೆ. ಸಂಜೆ ಸೊಸೈಟಿಯ ಆವರಣದಲ್ಲಿ ನಿಂತು ನೋಡಿದರೆ ಇಂಥ ಜೋಡಿಗಳು ನಾಲ್ಕಾರಾದರೂ ಕಣ್ಣಿಗೆ ಬೀಳುತ್ತವೆ. ನಾಯಿ ಒಂದು ಕಾಲನ್ನು ಎಳೆಯುತ್ತಿರುತ್ತದೆ. ಯಜಮಾನರು, “ಏನು ಮಾಡುವುದು, ವಯಸ್ಸಾಯಿತು” ಎಂದು ತಮಗೂ ಅದಕ್ಕೂ ಸೇರಿಸಿಯೇ ಹೇಳುತ್ತಿರುತ್ತಾರೆ.

ಈ “ವಯಸ್ಸಾಯಿತು” ಎಂಬ ಮಾತಿನ ಮೇಲೆ ನನಗೆ ಆಕ್ಷೇಪವಿದೆ. ವಯಸ್ಸು ರೋಗವಲ್ಲ. ಕುಂಟುವುದೂ ರೋಗವಲ್ಲ, ಅದು ರೋಗದ ಒಂದು ಗುರುತು ಅಷ್ಟೆ. ಗುರುತನ್ನು ಕಂಡು ಹೆಸರು ಹೇಳಲಾರದಾಗ, ಅಥವಾ ಹೇಳಿದ ಹೆಸರಿಗೆ ಕೊಟ್ಟ ಮದ್ದು ನಾಟದಾಗ, ಇನ್ನೊಬ್ಬ ಪಶುವೈದ್ಯರ ಬಳಿಗೆ ಹೋಗುವುದು ಮೊದಲನೆಯವರಿಗೆ ಮಾಡುವ ಅಪಮಾನವಲ್ಲವೆಂಬುದು ನನ್ನ ಖಚಿತವಾದ ಅಭಿಪ್ರಾಯ. ಆದರೆ ಹೋಗುವುದಕ್ಕೂ ಒಂದು ಕ್ರಮವಿದೆ. ಆ ಕ್ರಮ ತಪ್ಪಿದರೆ ಎರಡನೆಯ ಸಲಹೆಯಿಂದ ಪ್ರಯೋಜನಕ್ಕಿಂತ ಅಪಾಯವೇ ಹೆಚ್ಚು.

“ನಾಯಿಗೆ ಇಷ್ಟೆಲ್ಲ ಏಕೆ?” ಎಂದು ಕೇಳುವವರಿಗೆ ಧರ್ಮರಾಯನ ಕಥೆಯನ್ನು ನೆನಪಿಸುವ ಅಗತ್ಯವಿಲ್ಲ, ನಮ್ಮ ಶಾಸನವೇ ಇದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949-50ರ ಶಾಸನವು ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ಬೇಟೆನಾಯಿಯನ್ನು ಹೆಸರಿಟ್ಟು ಸ್ಮರಿಸುತ್ತದೆ. ನಾವು ಬಂದು ನೆಲೆಸಿರುವ ಈ ಊರಾದರೂ ಪಶುವೈದ್ಯಕ್ಕೆ ಹೊಸದಲ್ಲ. ಇಂದು ಇಜ್ಜತನಗರದಲ್ಲಿರುವ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಮೂಲವಾದ ಇಂಪೀರಿಯಲ್ ಬ್ಯಾಕ್ಟೀರಿಯಾಲಜಿಕಲ್ ಲ್ಯಾಬೊರೇಟರಿಯು 1889ರಲ್ಲಿ ಆರಂಭವಾದುದು ಪುಣೆಯಲ್ಲಿಯೇ. 1893ರಲ್ಲಿ ಅದು ಮುಕ್ತೇಶ್ವರಕ್ಕೆ ಸ್ಥಳಾಂತರಗೊಂಡಿತು.

ಇನ್ನು ಪ್ರಸ್ತುತಕ್ಕೆ ಬರೋಣ. ಮುದಿ ನಾಯಿ ಕುಂಟುವುದಕ್ಕೆ ಸಾಮಾನ್ಯ ಕಾರಣ ಸಂಧಿವಾತವೆಂಬುದು ನಿಜ. ಕೀಲಿನ ಮೃದ್ವಸ್ಥಿ ಸವೆದು, ಬೆಳಗ್ಗೆ ಎದ್ದಾಗ ಕಾಲು ಬಿಗಿಯಾಗಿರುತ್ತದೆ. ನಾಲ್ಕು ಹೆಜ್ಜೆ ನಡೆದ ಮೇಲೆ ಸ್ವಲ್ಪ ಸಡಿಲವಾಗುತ್ತದೆ. ಆದರೆ ಕಾರಣ ಅದೊಂದೇ ಅಲ್ಲ. ಬೆಳೆದ ಉಗುರು ಬಾಗಿ ಪಾದದ ಮೆತ್ತೆಗೆ ಚುಚ್ಚಿರಬಹುದು. ಉಣ್ಣೆಗಳಿಂದ ಬರುವ ಜ್ವರ ಕೀಲುಗಳಿಗೆ ಇಳಿದಿರಬಹುದು. ಬೆನ್ನುಹುರಿಯ ಮೇಲೆ ಒತ್ತಡ ಬಿದ್ದು ಹಿಂಗಾಲು ಸೋತಿರಬಹುದು. ಮಂಡಿಯೊಳಗಿನ ಲಿಗಮೆಂಟ್ ಹರಿದಿರಬಹುದು. ದೊಡ್ಡ ಜಾತಿಯ ನಾಯಿಗಳಲ್ಲಿ ಮೂಳೆಯ ಕ್ಯಾನ್ಸರ್ ಸಹ ಮೊದಮೊದಲು ಬರಿಯ ಕುಂಟಾಗಿಯೇ ಕಾಣಿಸಿಕೊಳ್ಳುತ್ತದೆ. ಇವುಗಳಲ್ಲಿ ಒಂದಕ್ಕೆ ಕತ್ತರಿ ಸಾಕು, ಒಂದಕ್ಕೆ ಶಸ್ತ್ರಚಿಕಿತ್ಸೆ ಬೇಕು, ಒಂದರಲ್ಲಿ ಪ್ರತಿಯೊಂದು ವಾರವೂ ಅಮೂಲ್ಯ. ಎಲ್ಲಕ್ಕೂ ನೋವಿನ ಮಾತ್ರೆಯೊಂದನ್ನೇ ಕೊಡುತ್ತ ಹೋದರೆ ಕುಂಟು ಕೆಲಕಾಲ ಮರೆಯಾಗುತ್ತದೆ, ಕಾರಣ ಒಳಗೇ ಬೆಳೆಯುತ್ತದೆ.

ನಮ್ಮ ಮನೆಯ ಉದಾಹರಣೆಯನ್ನೇ ಹೇಳುತ್ತೇನೆ. ಮೋತಿ ನಮ್ಮ ಲ್ಯಾಬ್ರಡಾರ್. ವಯಸ್ಸು 10, ತೂಕ 38 ಕಿಲೋ. ಕಳೆದ ವರ್ಷ ಮಳೆಗಾಲದಲ್ಲಿ ಅದು ಬಲಗಡೆಯ ಹಿಂಗಾಲನ್ನು ಎತ್ತಿ ಎತ್ತಿ ಇಡತೊಡಗಿತು. ಹತ್ತಿರದ ಪಶುವೈದ್ಯರು ಪರೀಕ್ಷಿಸಿದರು, ಎಕ್ಸ್‌ರೇ ತೆಗೆಸಿದರು. ಎರಡೂ ಮಂಡಿಗಳಲ್ಲಿ ಸವಕಳಿ ಕಂಡಿತು. ಸಂಧಿವಾತವೆಂದು 15 ದಿನಗಳ ಮಾತ್ರೆ ಬರೆದುಕೊಟ್ಟರು. ಮಾತ್ರೆ ಇರುವವರೆಗೆ ಕುಂಟು ಕಡಿಮೆಯಾಯಿತು, ಮುಗಿದ ಮೂರನೆಯ ದಿನ ಮರಳಿತು. ಮತ್ತೆ ಮಾತ್ರೆ, ಮತ್ತೆ ಕುಂಟು. ಇನ್ನು ಹೀಗೆಯೇ, ವಯಸ್ಸಾಯಿತಲ್ಲ, ಎಂದರು. ಆಗ ನನ್ನ ಶ್ರೀಮತಿ ಕೇಳಿದ ಪ್ರಶ್ನೆ ಇದು: “ನಾಲ್ಕು ಕಾಲಿಗೂ ವಯಸ್ಸು ಒಂದೇ ಅಲ್ಲವೆ? ಸವಕಳಿ ಎರಡೂ ಮಂಡಿಯಲ್ಲಿದ್ದರೆ ಕುಂಟುವುದು ಒಂದೇ ಕಾಲು ಏಕೆ?” ಬಿ.ಕಾಂ. ಓದಿ ಇಪ್ಪತ್ತು ವರ್ಷ ಲೆಕ್ಕ ತಾಳೆ ನೋಡಿದ ನನಗೆ ಈ ಪ್ರಶ್ನೆಯಲ್ಲಿ ದೋಷ ಕಾಣಲಿಲ್ಲ.

ಎರಡನೆಯ ವೈದ್ಯರು ಮೊದಲು ಎಕ್ಸ್‌ರೇಯನ್ನು ನೋಡಲಿಲ್ಲ. ನಾಯಿ ಮನೆಯಂಗಳದಲ್ಲಿ ನಡೆಯುವ ಚಿತ್ರ ಮೊಬೈಲಿನಲ್ಲಿದೆಯೇ ಎಂದು ಕೇಳಿದರು. ಚಿಕಿತ್ಸಾಲಯದ ಭಯದಲ್ಲಿ ಎಷ್ಟೋ ನಾಯಿಗಳು ಕುಂಟನ್ನು ಅಡಗಿಸುತ್ತವೆಯಂತೆ. ಆಮೇಲೆ ಅದನ್ನು ಮಲಗಿಸಬೇಕಾಯಿತು. ಅವರು ಮರಾಠಿಯಲ್ಲಿ ಹೇಳಿದರು, ಹಿಂದಿಯಲ್ಲಿ ಹೇಳಿದರು, ಮೋತಿ ನಿಂತೇ ಇತ್ತು. “ಮಲಗು ಮರಿ” ಎಂದ ಕೂಡಲೇ ಮಲಗಿತು. ಹುಟ್ಟಿದ್ದು ಪುಣೆಯಲ್ಲಾದರೂ ಅದರ ಮಾತೃಭಾಷೆ ಕನ್ನಡ! ವೈದ್ಯರು ಎರಡೂ ತೊಡೆಗಳನ್ನು ಕೈಯಲ್ಲಿ ಹಿಡಿದು ತೂಗಿ, ಬಲತೊಡೆ ಬಡವಾಗಿದೆ ಎಂದರು. ಬಳಿಕ ತೊಡೆಯ ಮೂಳೆಯನ್ನು ಒಂದು ಕೈಯಲ್ಲಿ ಸ್ಥಿರವಾಗಿ ಹಿಡಿದು ಇನ್ನೊಂದು ಕೈಯಿಂದ ಮೊಣಕಾಲಿನ ಕೆಳಗಿನ ಮೂಳೆಯನ್ನು ಮುಂದಕ್ಕೆ ನೂಕಿದರು. ಬಲಗಡೆ ಅದು ಮೇಜಿನ ಸೆಳೆಖಾನೆಯಂತೆ ಮುಂದಕ್ಕೆ ಜಾರಿತು, ಎಡಗಡೆ ಜಾರಲಿಲ್ಲ. ಲಿಗಮೆಂಟ್ ಹರಿದಿತ್ತು. ಲಿಗಮೆಂಟ್ ಎಕ್ಸ್‌ರೇಯಲ್ಲಿ ನೇರವಾಗಿ ಕಾಣುವುದಿಲ್ಲ. ಆದುದರಿಂದ ಮೊದಲನೆಯ ಚಿತ್ರವೂ ಸುಳ್ಳಲ್ಲ, ಅದರಲ್ಲಿದ್ದ ಸಂಧಿವಾತವೂ ಸುಳ್ಳಲ್ಲ. ಕುಂಟಿಗೆ ಪೂರ್ಣ ಉತ್ತರ ಮಾತ್ರ ಅದಾಗಿರಲಿಲ್ಲ.

ಇದಕ್ಕಿಂತ ಮುಖ್ಯವಾದುದು ನಂತರ ನಡೆಯಿತು. ಮಾತ್ರೆ ಮುಂದುವರಿಸುವ ಮೊದಲು ರಕ್ತಪರೀಕ್ಷೆಯಾಗಬೇಕೆಂದು ಅವರು ಹೇಳಿದರು. ಫಲಿತಾಂಶದಲ್ಲಿ ಮೂತ್ರಪಿಂಡದ ಅಂಕಿ ಇರಬೇಕಾದುದಕ್ಕಿಂತ ಮೇಲಿತ್ತು. ನೋವುನಿವಾರಕಗಳು ಮುದಿ ನಾಯಿಯ ಹೊಟ್ಟೆಗೂ ಮೂತ್ರಪಿಂಡಕ್ಕೂ ಭಾರವಾಗಬಲ್ಲವು. “ಹೀಗೆಯೇ” ಎಂದು ನಾವು ಇನ್ನೊಂದು ವರ್ಷ ಮಾತ್ರೆ ನುಂಗಿಸುತ್ತ ಹೋಗಿದ್ದರೆ ಕಾಲನ್ನು ಉಳಿಸಲು ಹೋಗಿ ಪ್ರಾಣವನ್ನೇ ಕಳೆಯುವ ಸಂಭವವಿತ್ತು.

ನಮ್ಮ ಜನರಿಗೆ ಇಲ್ಲಿ ಒಂದು ಸಂಕೋಚ ಅಡ್ಡಬರುತ್ತದೆ. ಪರಸ್ಥಳದಲ್ಲಿದ್ದೇವೆ, ಭಾಷೆ ಅವರದು, ಡಾಕ್ಟರು ಪರಿಚಯದವರು, ಮತ್ತೊಬ್ಬರ ಬಳಿ ಹೋದರೆ ಬೇಸರಪಟ್ಟಾರು ಎಂಬ ದಾಕ್ಷಿಣ್ಯ. ನನ್ನ ವೃತ್ತಿ ನನಗೆ ಬೇರೆ ಪಾಠ ಹೇಳಿದೆ. ಬ್ಯಾಂಕಿನ ಭದ್ರಕೋಣೆಗೆ ಎರಡು ಕೀಲಿಕೈಗಳು, ಅವು ಇಬ್ಬರು ಅಧಿಕಾರಿಗಳ ಕೈಯಲ್ಲಿ. ಗುಮಾಸ್ತರು ಬರೆದ ನಮೂದನ್ನು ಅಧಿಕಾರಿ ಪರಿಶೀಲಿಸಿ ಸಹಿ ಹಾಕುತ್ತಾರೆ. ಇದರಿಂದ ಯಾರೂ ತಮ್ಮನ್ನು ಕಳ್ಳರೆಂದು ಶಂಕಿಸಿದರೆಂದು ಕೊರಗುವುದಿಲ್ಲ. ಎರಡನೆಯ ಸಹಿ ಮೊದಲನೆಯ ಸಹಿಗೆ ರಕ್ಷಣೆ. ಒಳ್ಳೆಯ ವೈದ್ಯರು ಇದನ್ನು ಬಲ್ಲರು. ತಾವಾಗಿಯೇ ಕಾಗದ ಬರೆದು ತಜ್ಞರ ಬಳಿಗೆ ಕಳುಹಿಸುವವರೂ ಉಂಟು. ಊರಿಗೆ ಹೋಗುವಾಗ ಖಂಬಾಟಕಿ ಘಾಟಿಗೆ ಮೊದಲು, ಪುಣೆಯಿಂದ ಸುಮಾರು 50 ಕಿಲೋಮೀಟರಿನಲ್ಲಿ, ಹೆದ್ದಾರಿಯ ಮೇಲೆ ಶಿರವಳ ಸಿಗುತ್ತದೆಯಲ್ಲವೆ? ಅಲ್ಲಿ ಕ್ರಾಂತಿಸಿಂಹ ನಾನಾ ಪಾಟೀಲ ಪಶುವೈದ್ಯಕೀಯ ಕಾಲೇಜಿದೆ. ನಮ್ಮಲ್ಲಿ ಎಷ್ಟೋ ಮಂದಿ ನೂರಾರು ಸಲ ಅದರ ಎದುರಿನಿಂದಲೇ ಹಾದುಹೋಗಿದ್ದೇವೆ. ಇಂಥ ಬೋಧನಾಸಂಸ್ಥೆಗಳು ಹಸು ಎಮ್ಮೆಗಳಿಗಾಗಿ ಮಾತ್ರ ಇವೆಯೆಂಬ ಭಾವನೆ ಸರಿಯಲ್ಲ.

ಸಂಕೋಚದಿಂದ ಹುಟ್ಟುವ ದೊಡ್ಡ ಅನರ್ಥವೆಂದರೆ ಮುಚ್ಚುಮರೆ. ಮೊದಲನೆಯವರಿಗೆ ಹೇಳದೆ ಎರಡನೆಯವರ ಬಳಿಗೆ ಹೋಗುವುದು. ಎರಡನೆಯವರಿಗೆ ಮೊದಲನೆಯವರ ವಿಷಯ ಹೇಳದಿರುವುದು. ಸ್ವತಂತ್ರ ಅಭಿಪ್ರಾಯ ಸಿಗಲಿ ಎಂಬುದು ಇದಕ್ಕೆ ಕೊಡುವ ಸಮರ್ಥನೆ. ಒಂದು ಬ್ಯಾಂಕಿನ ಸಾಲವನ್ನು ಮರೆಮಾಚಿ ಇನ್ನೊಂದು ಬ್ಯಾಂಕಿಗೆ ಅರ್ಜಿ ಹಾಕುವವರನ್ನು ನಾನು ಸಾಕಷ್ಟು ಕಂಡಿದ್ದೇನೆ. ಅಲ್ಲಿ ನಷ್ಟ ಹಣದ್ದು, ಇಲ್ಲಿ ಜೀವದ್ದು. ಮೊದಲನೆಯವರು ಸ್ಟಿರಾಯ್ಡ್ ಚುಚ್ಚುಮದ್ದು ಕೊಟ್ಟಿದ್ದು, ಅದನ್ನರಿಯದ ಎರಡನೆಯವರು ಮರುದಿನವೇ ಮೆಲಾಕ್ಸಿಕ್ಯಾಮ್‌ನಂಥ ನೋವಿನ ಮಾತ್ರೆ ಬರೆದರೆ, ಎರಡೂ ಕೂಡಿ ಜಠರದಲ್ಲಿ ಹುಣ್ಣಾಗಿ ರಕ್ತಸ್ರಾವವಾಗಬಹುದು. ಇವೆರಡರ ನಡುವೆ ಎಷ್ಟು ದಿನ ಅಂತರವಿರಬೇಕೆಂದು ನಿರ್ಣಯಿಸುವುದು ವೈದ್ಯರ ಕೆಲಸ. ತಾರೀಖನ್ನು ಹೇಳುವುದು ನಮ್ಮ ಕೆಲಸ. ಔಷಧದ ಚೀಟಿ, ಪ್ರಮಾಣ, ಕೊಟ್ಟ ದಿನಾಂಕ, ಎಕ್ಸ್‌ರೇ, ರಕ್ತದ ವರದಿ, ಇವೆಲ್ಲವೂ ನಾಯಿಯ ಪಾಸ್‌ಬುಕ್. ಕೇಳಿ ಪಡೆಯಲು ನಾಚಬೇಕಾಗಿಲ್ಲ.

ಮನುಷ್ಯರ ಔಷಧದ ಪೆಟ್ಟಿಗೆಯಿಂದ ಐಬುಪ್ರೊಫೇನ್, ಡೈಕ್ಲೊಫೆನಾಕ್ ತೆಗೆದು ನಾಯಿಗೆ ಕೊಡುವ ರೂಢಿಯೂ ಕೆಲವರಲ್ಲಿದೆ. ಇದಕ್ಕೆ ಎರಡನೆಯ ಅಭಿಪ್ರಾಯ ಬೇಕಾಗಿಲ್ಲ, ಕೊಡಕೂಡದು. ಸತ್ತ ದನಗಳಲ್ಲಿ ಉಳಿದ ಡೈಕ್ಲೊಫೆನಾಕ್‌ನಿಂದ ರಣಹದ್ದುಗಳ ಸಂತತಿಯೇ ನಶಿಸತೊಡಗಿದಾಗ ಭಾರತ ಸರ್ಕಾರವು 2006ರಲ್ಲಿ ಪಶುಗಳ ಬಳಕೆಗೆ ಅದನ್ನು ನಿಷೇಧಿಸಿತೆಂಬುದು ಬಹುಮಂದಿಗೆ ತಿಳಿಯದು.

ಇಬ್ಬರು ವೈದ್ಯರ ಮಾತು ಬೇರೆ ಬೇರೆಯಾದರೆ? ತಲೆ ಎಣಿಸಿ ನಿರ್ಣಯಿಸುವುದಕ್ಕೆ ಇದು ಚುನಾವಣೆಯಲ್ಲ. ತಮಗೆ ಬೇಕಾದ ಉತ್ತರ ಸಿಗುವವರೆಗೆ ಮೂರನೆಯವರು, ನಾಲ್ಕನೆಯವರು ಎಂದು ಅಲೆಯುವವರನ್ನೂ, ವಾಟ್ಸಾಪಿನಲ್ಲಿ ಐದನೆಯ ಸಲಹೆ ಪಡೆಯುವವರನ್ನೂ ಬಲ್ಲೆ. ಯಾರು ಕಾರಣವನ್ನು ತೋರಿಸಿಕೊಡುತ್ತಾರೆ, ಯಾರು ಪಕ್ಕದ ಕಾಲಿನೊಡನೆ ಹೋಲಿಸಿ ನೋಡಿದ್ದಾರೆ, ಮಾಡದೆ ಬಿಟ್ಟರೆ ಏನಾದೀತೆಂಬುದನ್ನು ಯಾರು ಹೇಳುತ್ತಾರೆ, ಇವನ್ನು ನೋಡಬೇಕು. “ನಿಮ್ಮದೇ ನಾಯಿಯಾಗಿದ್ದರೆ?” ಎಂದು ಭಾವುಕರಾಗಿ ಕೇಳುವುದಕ್ಕಿಂತ, “ಈ ರೋಗವಲ್ಲದಿದ್ದರೆ ಇನ್ನಾವುದಿರಬಹುದು?” ಎಂದು ಕೇಳುವುದು ಹೆಚ್ಚು ಫಲಕಾರಿ. ವೆಚ್ಚದ ಮಾತನ್ನೂ ಮರೆಮಾಚುವುದು ಬೇಡ. ಎರಡನೆಯ ಸಲಹೆಯ ಶುಲ್ಕ ಸಂಸಾರಸಮೇತ ಒಂದು ಸಂಜೆ ಹೋಟೆಲಿನಲ್ಲಿ ಉಂಡಷ್ಟೂ ಆಗದು, ಶಸ್ತ್ರಚಿಕಿತ್ಸೆಯದು ಹಾಗಲ್ಲ. ನಮ್ಮಿಂದಾಗುವುದು ಇಷ್ಟು ಎಂದು ಮೊದಲೇ ಹೇಳಿದರೆ ವೈದ್ಯರು ಅದರೊಳಗೆ ದಾರಿ ಹುಡುಕುತ್ತಾರೆ. ಅಷ್ಟಕ್ಕೆ ನಾಯಿಯ ಮೇಲಿನ ಪ್ರೀತಿ ಕಡಿಮೆಯೆಂದು ಯಾರೂ ಬರೆದಿಡುವುದಿಲ್ಲ.

ಎರಡನೆಯ ಸಲಹೆಗೆ ಕಾಯಬಾರದ ಸಂದರ್ಭಗಳೂ ಇವೆ. ಕಾಲನ್ನು ನೆಲಕ್ಕೆ ಊರಲೇ ಆಗದಿದ್ದರೆ, ಹಿಂಗಾಲುಗಳೆರಡೂ ಎಳೆದಾಡುತ್ತಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ, ಅಂದೇ, ಯಾರು ಸಿಗುತ್ತಾರೋ ಅವರ ಬಳಿಗೆ ಒಯ್ಯಬೇಕು. ಇದಕ್ಕೆ ವಿರುದ್ಧವಾಗಿ, ಮುದಿ ನಾಯಿಗೆ ದಯಾಮರಣ ಕೊಡಿಸಿಬಿಡಿ ಎಂಬ ಮಾತು ಬಂದಾಗ, ಅದು ತತ್‌ಕ್ಷಣದ ಘೋರ ಯಾತನೆಯಲ್ಲದಿದ್ದರೆ, ಇನ್ನೊಬ್ಬರಿಗೆ ತೋರಿಸದೆ ಒಪ್ಪಬಾರದೆಂಬುದು ನನ್ನ ಹಟ. ಬ್ಯಾಂಕಿನಲ್ಲಿ ತಪ್ಪು ನಮೂದನ್ನು ಮರುದಿನ ತಿರುಗಿಸಬಹುದು. ಇದನ್ನು ತಿರುಗಿಸಲು ಬರುವುದಿಲ್ಲ.

ಮೋತಿಯ ವಿಷಯದಲ್ಲಿ ಶಸ್ತ್ರಚಿಕಿತ್ಸೆಯೇ ಉತ್ತಮ ಮಾರ್ಗವಾಗಿತ್ತು. ಅದರ ತೂಕದ ನಾಯಿಗೆ ಬರಿಯ ವಿಶ್ರಾಂತಿಯಿಂದ ಮಂಡಿ ಗಟ್ಟಿಯಾಗುವುದು ಕಷ್ಟ. ಆದರೆ ಮೂತ್ರಪಿಂಡದ ಸ್ಥಿತಿಯಲ್ಲಿ ಅರಿವಳಿಕೆಯ ಅಪಾಯವನ್ನು ತೂಗಿ ನೋಡಿ, ಸದ್ಯಕ್ಕೆ ಬೇಡವೆಂದು ಎರಡನೆಯ ವೈದ್ಯರೇ ಹೇಳಿದರು. ತೂಕ ಇಳಿಸುವುದು, ಹಗ್ಗ ಹಿಡಿದು ದಿನಕ್ಕೆ ಮೂರು ಸಲ ಸ್ವಲ್ಪಸ್ವಲ್ಪ ನಡೆಸುವುದು, ಜಾರುವ ಟೈಲ್ಸಿನ ಮೇಲೆ ಚಾಪೆ ಹಾಸುವುದು, ಮಾತ್ರೆಯನ್ನು ಅತ್ಯಗತ್ಯವಾದಾಗ ಮಾತ್ರ ಅಳೆದು ಕೊಡುವುದು ಎಂದು ನಿರ್ಧಾರವಾಯಿತು. ತೂಕದ ಮಾತು ಬರಿಯ ಉಪದೇಶವಲ್ಲ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಜೀವಮಾನವಿಡೀ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೊತೆಯ ನಾಯಿಗಳಿಗಿಂತ ಕಾಲುಭಾಗ ಕಡಿಮೆ ಉಂಡವು ಸುಮಾರು 1.8 ವರ್ಷ ಹೆಚ್ಚು ಬಾಳಿದವು. ಸಂಧಿವಾತವೂ ಅವಕ್ಕೆ ತಡವಾಗಿ ಬಂತು. ಧಾರವಾಡದಿಂದ ಬಂದಿದ್ದ ಅತ್ತೆಯವರಿಗೆ ಈ ಅಂಕಿಗಳು ಒಪ್ಪಿಗೆಯಾಗಲಿಲ್ಲ. ತುಪ್ಪ ಸವರಿದ ಚಪಾತಿಯನ್ನು ನಿಲ್ಲಿಸಲು ವೈದ್ಯರ ಕೈಬರಹದ ಚೀಟಿಯನ್ನೇ ಅಡಿಗೆಮನೆಯ ಬಾಗಿಲಿಗೆ ಅಂಟಿಸಬೇಕಾಯಿತು.

ಎಂಟು ತಿಂಗಳಲ್ಲಿ ತೂಕ 33 ಕಿಲೋಗೆ ಇಳಿದಿದೆ. ಕುಂಟು ಪೂರ್ತಿ ಹೋಗಿಲ್ಲ, ಆದರೆ ಬೆಳಗ್ಗೆ ತಾನಾಗಿಯೇ ಎದ್ದು ಬಾಗಿಲಿಗೆ ಬರುತ್ತದೆ. ಎರಡನೆಯ ವೈದ್ಯರ ವರದಿಯನ್ನು ನಾವು ಮೊದಲನೆಯವರಿಗೆ ಒಯ್ದು ತೋರಿಸಿದೆವು. ಅವರು ಎರಡು ಸಲ ಓದಿದರು. ಮೋತಿಯನ್ನು ಮಲಗಿಸಿ ಆ ಮಂಡಿಯನ್ನು ತಾವೂ ನೂಕಿ ನೋಡಿದರು. ವರದಿಯ ಒಂದು ಪ್ರತಿಯನ್ನು ತಮ್ಮ ಕಡತಕ್ಕೆ ಸೇರಿಸಿಕೊಂಡರು. ತಿಂಗಳಿಗೊಮ್ಮೆ ತೂಕ ನೋಡುವುದು, ಉಗುರು ಕತ್ತರಿಸುವುದು, ಮೂರು ತಿಂಗಳಿಗೊಮ್ಮೆ ರಕ್ತ ತೆಗೆಯುವುದು ಈಗಲೂ ಅವರಲ್ಲಿಯೇ ನಡೆಯುತ್ತಿದೆ.