ಕಡಲು ನಮ್ಮದು, ಹಡಗು ಮಾತ್ರ ಪರರದ್ದೆ?

ಕನ್ನಡದ ಗೆಳೆಯಾ, ಗೆಳತಿ,

ಮೊನ್ನೆ ಸಂಜೆ ವಿದ್ಯಾರಣ್ಯಪುರಂನ ಟೀ ಅಂಗಡಿ ಮುಂದೆ ನಾಲ್ಕು ಹುಡುಗರು ಒಂದೇ ಫೋನಿಗೆ ತಲೆ ಹಾಕಿ ನಿಂತಿದ್ದರು. ಫೋನಿನಲ್ಲಿ ಮಹಡಿ ಮೇಲೆ ಮಹಡಿಯ ಹಡಗು, ಅದರ ನೆತ್ತಿಯ ಮೇಲೊಂದು ಈಜುಕೊಳ, ಸುತ್ತ ನೀಲಿ ಸಮುದ್ರ. "ಮಗಾ, ಒಂದ್ಸಲ ಹೋಗ್ಲೇಬೇಕು ಕಣೋ" ಅಂದ ಒಬ್ಬ. "ಎಲ್ಲಿ ಹತ್ತೋದು?" ಅಂದ ಇನ್ನೊಬ್ಬ. "ಮುಂಬೈ. ಇಲ್ಲಾಂದ್ರೆ ಕೊಚ್ಚಿ."

ಮಂಗಳೂರು ಅನ್ನುವ ಹೆಸರು ಒಬ್ಬನ ಬಾಯಲ್ಲೂ ಬರಲಿಲ್ಲ! ಸೂಯೇಜ್ ಫಾರಂ ಗಾಳಿ ಕುಡಿದು ಬೆಳೆದ ನಮ್ಮ ಬಡಾವಣೆ ಹುಡುಗರಿಗೆ ಕಡಲ ಗಾಳಿ ಬೇಕು ಅನ್ನಿಸಿದ್ದು ತಪ್ಪಲ್ಲ. ಆದರೆ ಆ ಗಾಳಿಗಾಗಿ ಸಾವಿರ ಕಿಲೋಮೀಟರ್ ಆಚೆಯ ಮುಂಬೈಗೆ ಹೋಗಬೇಕು ಅಂತ ಅವರಿಗೆ ಹೇಳಿಕೊಟ್ಟವರು ಯಾರು?

ನಗರದ ಒಂದು ಟ್ರಾವೆಲ್ ಏಜೆನ್ಸಿಗೆ ನಾನೇ ಫೋನ್ ಮಾಡಿದೆ. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. "ಮಂಗಳೂರಿನಿಂದ ಹಡಗು ಇದೆಯಾ?" ಅಂದಾಗ ಆ ಕಡೆಯಿಂದ ಒಂದು ನಗು. ಆ ನಗು ಇನ್ನೂ ಕಿವಿಯಲ್ಲಿ ಚುಚ್ಚುತ್ತಿದೆ. ಅದಕ್ಕೇ ಈ ಬರಹ.

ಲೆಕ್ಕ ನೋಡು. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೆಲಿಯಾ ಕಂಪನಿಯ 'ಎಂಪ್ರೆಸ್' ಹಡಗು ಮುಂಬೈಯನ್ನು ಮನೆ ಮಾಡಿಕೊಂಡು ಓಡಾಟ ಶುರು ಮಾಡಿತು. ಗೋವಾಕ್ಕೆ ಹೋಯಿತು, ಕೊಚ್ಚಿಗೆ ಹೋಯಿತು, ಲಕ್ಷದ್ವೀಪಕ್ಕೆ ಹೋಯಿತು. 2025ರಲ್ಲಿ ಇನ್ನೊಂದು ಸುದ್ದಿ: ನಾರ್ವೇಜಿಯನ್ ಕ್ರೂಸ್ ಲೈನ್‌ನ 'ಸ್ಕೈ' ಹಡಗು 2026ಕ್ಕೆ, 'ಸನ್' ಹಡಗು 2027ಕ್ಕೆ ಇದೇ ಕಂಪನಿಗೆ ಬಾಡಿಗೆಗೆ ಬರುವ ಒಪ್ಪಂದ. 'ಸ್ಕೈ' ಒಂದರಲ್ಲೇ ಸುಮಾರು 2000 ಪ್ರಯಾಣಿಕರಿಗೆ ಜಾಗ. ಐದು ವರ್ಷದಲ್ಲಿ ಕ್ರೂಸ್ ಪ್ರಯಾಣಿಕರ ಸಂಖ್ಯೆ ಇಮ್ಮಡಿ ಮಾಡುತ್ತೇವೆ ಎಂದು ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್ 30ರಂದು 'ಕ್ರೂಸ್ ಭಾರತ್ ಮಿಷನ್' ಘೋಷಿಸಿತು. ಒಳ್ಳೆಯದೇ ಆಯಿತು. ಆದರೆ ಗೋವಾ ದಾಟಿ ಕೊಚ್ಚಿ ಮುಟ್ಟುವ ಹಡಗು ಕಾರವಾರದಿಂದ ಉಳ್ಳಾಲದವರೆಗಿನ ಮುನ್ನೂರು ಕಿಲೋಮೀಟರಿಗೂ ಹೆಚ್ಚಿನ ಕನ್ನಡದ ಕರಾವಳಿಯನ್ನು ನಿದ್ದೆಯಲ್ಲೇ ದಾಟಿಬಿಡುವುದಾದರೆ ನಮಗೆ ಬಂದ ಭಾಗ್ಯ ಏನು?

ಬಂದರು ಇಲ್ಲವೇ? ಇದೆ. ಪಣಂಬೂರಿನ ನವಮಂಗಳೂರು ಬಂದರು 1974ರಿಂದಲೇ ದೇಶದ ಪ್ರಮುಖ ಬಂದರುಗಳ ಪಟ್ಟಿಯಲ್ಲಿದೆ. ವಿದೇಶಿ ಪ್ರವಾಸಿ ಹಡಗುಗಳು ಅಲ್ಲಿಗೆ ಬರುತ್ತವೆ. ಬೆಳಿಗ್ಗೆ ಇಳಿದ ಬಿಳಿಯರು ಕುದ್ರೋಳಿ, ಮೂಡುಬಿದಿರೆ, ಕಾರ್ಕಳ ಸುತ್ತಿ, ಗೋಡಂಬಿ ಕಾರ್ಖಾನೆ ನೋಡಿ ಸಂಜೆಗೆ ಹಡಗು ಹತ್ತುತ್ತಾರೆ. ಸಮುದ್ರದ ದಾರಿಯಲ್ಲಿ ಬರುವ ವಿದೇಶಿಯರಿಗೆ 2017ರಲ್ಲಿ ಇ-ವೀಸಾ ಬಾಗಿಲು ತೆರೆದಾಗ ಮೊದಲ ಮೂರು ಬಂದರುಗಳಲ್ಲಿ ಮಂಗಳೂರೂ ಒಂದು. ಪರದೇಶದವರು ಇಳಿಯಲು ಬಾಗಿಲು ತೆರೆದಿದೆ. ಮೈಸೂರಿನವರು ಹತ್ತಲು ಮಾತ್ರ ಮುಂಬೈಗೆ ನಡೆಯಬೇಕು. ಇದೆಂಥ ನ್ಯಾಯ ಸ್ವಾಮಿ?

ಗೆಳೆಯಾ, ನಮ್ಮ ಬಡಾವಣೆಗೆ ಯಾರ ಹೆಸರಿದೆ ಅಂತ ಯೋಚಿಸಿದ್ದೀಯಾ? ವಿಜಯನಗರದ ಗುರು ಎಂದು ಪರಂಪರೆ ನೆನೆಯುವ ವಿದ್ಯಾರಣ್ಯರದು. ಆ ಸಾಮ್ರಾಜ್ಯದ ಕುದುರೆಗಳು ಬಂದಿಳಿದದ್ದು ಭಟ್ಕಳ, ಹೊನ್ನಾವರದಂಥ ಬಂದರುಗಳಲ್ಲಿ. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಕಲ್ಲಿಕೋಟೆಯಿಂದ ಸಮುದ್ರದ ದಾರಿಯಲ್ಲಿ ಮಂಗಳೂರಿಗೆ ಬಂದೇ ವಿಜಯನಗರಕ್ಕೆ ನಡೆದ. ನಿನ್ನೆ ಮೊನ್ನೆಯ ಮಾತು ಬೇಕೆ? ಉಡುಪಿ ಕಡೆಯ ಹುಡುಗರು ಮುಂಬೈಗೆ ಹೋಗಿ ಹೋಟೆಲು ಕಟ್ಟಿದ್ದು ಆಗಬೋಟು ಹತ್ತಿ. ಕಡಲು ನಮಗೆ ಹೊಸದಲ್ಲ. ಮರೆತವರು ನಾವು.

ಈಗ ಲಕ್ಷದ್ವೀಪದ ವಿಷಯ. ಅಲ್ಲಿಯ ಉತ್ತರದ ದ್ವೀಪಗಳು, ಅಂದರೆ ಅಮೀನಿ, ಕಡಮತ್, ಕಿಲ್ತಾನ್, ಚೆಟ್ಲಾತ್, ಬಿತ್ರಾ, ಹದಿನೆಂಟನೇ ಶತಮಾನದ ಕೊನೆಯಲ್ಲಿ ಟಿಪ್ಪುವಿನ ಆಡಳಿತಕ್ಕೆ ಸೇರಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರ ಕೈಗೆ ಹೋದರೂ ಅವುಗಳ ಆಡಳಿತ ನಡೆದದ್ದು ಮಂಗಳೂರಿನಿಂದಲೇ. 1956ರ ನವೆಂಬರ್ 1ರಂದು ನಾವು ಕನ್ನಡ ನಾಡು ಒಂದಾಯಿತು ಎಂದು ಸಿಹಿ ಹಂಚುತ್ತಿದ್ದೆವು. ಅದೇ ದಿನ ಕಾಸರಗೋಡು ಕೇರಳಕ್ಕೆ ಹೋಯಿತು, ಅದೇ ದಿನ ಈ ದ್ವೀಪಗಳು ದಕ್ಷಿಣ ಕನ್ನಡದ ಕೈಬಿಟ್ಟು ಕೇಂದ್ರಾಡಳಿತ ಪ್ರದೇಶವಾದವು. ಇವತ್ತು ಯಾರೂ ದ್ವೀಪ ವಾಪಸ್ ಕೊಡಿ ಎನ್ನುತ್ತಿಲ್ಲ. ದಾರಿ ಕೊಡಿ ಎನ್ನುತ್ತಿದ್ದೇವೆ, ಅಷ್ಟೇ!

ನಕ್ಷೆ ತೆಗೆದು ನೋಡು. ಕಿಲ್ತಾನ್‌ಗೆ, ಕಡಮತ್‌ಗೆ ಕೊಚ್ಚಿಗಿಂತ ಮಂಗಳೂರೇ ಹತ್ತಿರ. 2024ರ ಮೇ ತಿಂಗಳಲ್ಲಿ 'ಪರಳಿ' ಎಂಬ ವೇಗದ ದೋಣಿ ಲಕ್ಷದ್ವೀಪದ ಪ್ರಯಾಣಿಕರನ್ನು ಸುಮಾರು ಏಳು ಗಂಟೆಯಲ್ಲಿ ಮಂಗಳೂರಿನ ಹಳೇ ಬಂದರಿಗೆ ತಂದಿಳಿಸಿತು. ದಾರಿ ಇದೆ, ದೂರವೂ ಕಡಿಮೆ. ಇಲ್ಲದ್ದು ಕೇಳುವವರ ಗಂಟಲು.

ಕೊಚ್ಚಿಯವರನ್ನು ಬೈದು ಪ್ರಯೋಜನವಿಲ್ಲ. 2021ರಲ್ಲೇ ಅವರು 'ಸಾಗರಿಕಾ' ಎಂಬ ಕ್ರೂಸ್ ನಿಲ್ದಾಣ ಕಟ್ಟಿಕೊಂಡರು. ಮುಂಬೈಯಲ್ಲಿ 2025ರಲ್ಲಿ ಹೊಸ ಅಂತಾರಾಷ್ಟ್ರೀಯ ನಿಲ್ದಾಣವೇ ಎದ್ದಿತು. ಅವರು ಕೇಳಿದರು, ಕಟ್ಟಿದರು, ಪಡೆದರು. ನಮ್ಮ ಸಂಸದರು ದಿಲ್ಲಿಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತರೆ ತಪ್ಪು ಯಾರದು?

"ಇದೆಲ್ಲ ದುಡ್ಡಿದ್ದವರ ಶೋಕಿ ಕಣ್ರೀ" ಎಂದು ಮೂಗು ಮುರಿಯುವವರು ಇದ್ದಾರೆ. ಶೋಕಿಯೇ ಇರಲಿ. ಎರಡು ಸಾವಿರ ಜನರ ಹಡಗಿಗೆ ದಿನಾ ತರಕಾರಿ ಬೇಕು, ಹಾಲು ಬೇಕು, ಬಟ್ಟೆ ಒಗೆಯುವವರು ಬೇಕು, ಟ್ಯಾಕ್ಸಿ ಬೇಕು. ಹಡಗು ಎಲ್ಲಿಂದ ಹೊರಡುತ್ತದೋ ಆ ಊರಿನ ಸಂತೆಗೆ ಆ ದುಡ್ಡು. ಮುಂಬೈಯಿಂದ ಹೊರಟರೆ ಮುಂಬೈಗೆ, ಮಂಗಳೂರಿನಿಂದ ಹೊರಟರೆ ನಮ್ಮ ನಂಜನಗೂಡು ರಸಬಾಳೆಗೂ ಅದರಲ್ಲಿ ಪಾಲು. ಕೆಲಸವೂ ಹಾಗೆಯೇ. ಹಡಗಿನ ಕೆಲಸಕ್ಕೆ ಬೇಕಾದ್ದು ಎಸ್‌ಟಿಸಿಡಬ್ಲ್ಯು ಮೂಲ ತರಬೇತಿ, ಅಂದರೆ ಬೆಂಕಿ ಆರಿಸುವುದು, ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು, ಪ್ರಥಮ ಚಿಕಿತ್ಸೆ, ಹಡಗಿನ ಶಿಸ್ತು. ಅದರ ಜೊತೆಗೆ ಸಿಡಿಸಿ ಎಂಬ ನಾವಿಕರ ಗುರುತಿನ ಪುಸ್ತಕ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಮೈಸೂರಿನಲ್ಲಿ ಪುಡಿಗಾಸಿಗೆ ದುಡಿಯುವ ತಮ್ಮ, ತಂಗಿ, ಈ ದಾರಿ ನಿಮಗೆ ಯಾರಾದರೂ ಹೇಳಿದರೆ?

ಹಡಗಿನಲ್ಲಿ ಕನ್ನಡ ಕೇಳುವುದು ಭಾಷೆಯ ಜಂಬ ಎನ್ನುವವರಿಗೆ ಒಂದೇ ಉತ್ತರ. 2012ರ ಜನವರಿ 13ರಂದು ಇಟಲಿಯ ತೀರದಲ್ಲಿ 'ಕೋಸ್ತಾ ಕಾಂಕೋರ್ಡಿಯಾ' ಬಂಡೆಗೆ ಬಡಿದು 32 ಜನ ಸತ್ತರು. ಅದೇ ದಿನ ಹಡಗು ಹತ್ತಿದ್ದ ಎಷ್ಟೋ ಪ್ರಯಾಣಿಕರಿಗೆ ಜೀವರಕ್ಷಣೆಯ ಕವಾಯತೇ ಆಗಿರಲಿಲ್ಲ. ಅದಾದ ಮೇಲೆ ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಕವಾಯತು ಆಗಲೇಬೇಕು ಎಂಬ ನಿಯಮ 2015ರಲ್ಲಿ ಜಾರಿಗೆ ಬಂತು. ಆ ಕವಾಯತು ಇಂಗ್ಲಿಷ್, ಹಿಂದಿಯಲ್ಲೇ ಮುಗಿದುಹೋದರೆ ಲೈಫ್ ಜಾಕೆಟ್ ಎಲ್ಲಿದೆ, ಯಾವ ದೋಣಿಗೆ ಓಡಬೇಕು ಎಂಬುದು ನಿನ್ನ ಅಮ್ಮನಿಗೆ ತಿಳಿಯುವುದು ಹೇಗೆ? ಇದು ಜೀವದ ಪ್ರಶ್ನೆ.

ಆದ್ದರಿಂದ ನಮ್ಮ ಹಕ್ಕೊತ್ತಾಯ ಇಷ್ಟು:

1. ಹೊಸ ಹಡಗುಗಳಲ್ಲಿ ಒಂದಾದರೂ ವರ್ಷದ ಕೆಲವು ತಿಂಗಳು ಮಂಗಳೂರಿನಿಂದಲೇ ಹೊರಟು ಮಂಗಳೂರಿಗೇ ಮರಳಲಿ.

2. ಮೊದಲ ಮಾರ್ಗ ಮಂಗಳೂರು–ಲಕ್ಷದ್ವೀಪ–ಮಂಗಳೂರು. ದ್ವೀಪಕ್ಕೆ ಬೇಕಾದ ಪ್ರವೇಶ ಪರವಾನಗಿ ಮಂಗಳೂರಿನಲ್ಲೇ ಕೈಗೆ ಸಿಗಲಿ. ಎರಡನೆಯದು ಗೋವಾ–ಕಾರವಾರ–ಮಂಗಳೂರು–ಕೊಚ್ಚಿ. ಕಾರವಾರದಲ್ಲಿ ಹಡಗು ದೂರ ನಿಂತು ದೋಣಿಯಲ್ಲಿ ಜನ ಇಳಿದರೂ ಸರಿ.

3. ಋತು ನಮ್ಮ ಪಂಚಾಂಗ ನೋಡಿ ನಿಗದಿಯಾಗಲಿ. ಮಳೆಗಾಲದ ಅಬ್ಬರ ಇಳಿದ ಮೇಲೆ ದಸರಾ ರಜೆಗೆ ಮೊದಲ ಯಾನ. ಜಂಬೂ ಸವಾರಿ ನೋಡಿದವರು ರಾತ್ರಿ ಮೈಸೂರಿನ ಮೇಲೆ ಹೋಗುವ ಮುರುಡೇಶ್ವರ ರೈಲು ಹತ್ತಿದರೆ ಬೆಳಿಗ್ಗೆ ಮಂಗಳೂರು. ಕೊನೆಯ ಯಾನ ಮೇ ಮೊದಲ ವಾರ, ಮಕ್ಕಳ ಬೇಸಿಗೆ ರಜೆಗೆ. ಅದರಾಚೆ ಬೇಡ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತವನ್ನು ಕರಾವಳಿ ಮರೆತಿಲ್ಲ.

4. ಹಡಗಿನಲ್ಲಿ ಪ್ರಕಟಣೆ, ಫಲಕ, ಕವಾಯತು ಕನ್ನಡದಲ್ಲೂ ಇರಲಿ. ಮಂಗಳೂರಿನಲ್ಲಿ ಹತ್ತುವ ಸಿಬ್ಬಂದಿಯಲ್ಲಿ ಕನ್ನಡಿಗರಿಗೆ ಆದ್ಯತೆ.

5. ಮೀನುಗಾರರ ಬಲೆಗೆ, ದ್ವೀಪದ ಹವಳಕ್ಕೆ ಧಕ್ಕೆಯಾಗದಂತೆ ಅವರನ್ನು ಕೇಳಿಯೇ ಮಾರ್ಗ ಗುರುತಿಸಲಿ.

ಗೆಳೆಯಾ, ಗೆಳತಿ, ಓದಿ ಮಡಚಿಡಬೇಡ. ಇವತ್ತೇ ನವಮಂಗಳೂರು ಬಂದರು ಪ್ರಾಧಿಕಾರಕ್ಕೆ, ನಿನ್ನ ಸಂಸದರಿಗೆ, ಹಡಗು ಕಂಪನಿಗೆ ಒಂದೊಂದು ಪತ್ರ ಬರಿ, ಕನ್ನಡದಲ್ಲೇ ಬರಿ. ಟಿಕೆಟ್ ವಿಚಾರಿಸುವಾಗ ಮೊದಲ ಮಾತು ಇದೇ ಆಗಲಿ: "ಮಂಗಳೂರಿನಿಂದ ಯಾವಾಗ?" ನೂರು ಜನ ಕೇಳಿದರೆ ನಗುತ್ತಾರೆ. ಹತ್ತು ಸಾವಿರ ಜನ ಕೇಳಿದರೆ ವೇಳಾಪಟ್ಟಿ ತಿದ್ದುತ್ತಾರೆ.

ಮುಂದಿನ ದಸರಾಕ್ಕೆ ಟೀ ಅಂಗಡಿ ಮುಂದೆ "ಎಲ್ಲಿ ಹತ್ತೋದು?" ಎಂದರೆ "ನಮ್ಮ ಮಂಗಳೂರಲ್ಲಿ" ಎಂಬ ಉತ್ತರ ಬರಬೇಕು. ಬರುವವರೆಗೆ ಸುಮ್ಮನಿರಬೇಡ!

ಸಿರಿಗನ್ನಡಂ ಗೆಲ್ಗೆ!