ಹತ್ತು ಜನರ ನಡುವಿನ ಕೆಲಸ

ಆಫೀಸಿನವರೆಲ್ಲ ಸೇರಿ ಎರಡು ದಿನ ಎಲ್ಲಾದರೂ ತಂಪಾದ ಜಾಗಕ್ಕೆ ಹೋಗಿಬರುವ ಪದ್ಧತಿ ಈಗ ನಮ್ಮ ಸಣ್ಣ ಊರುಗಳಿಗೂ ಬಂದಿದೆ. ದಣಿವು ಆರಲಿ, ಜೊತೆಗೆ ಕೂಡಿ ಕೆಲಸ ಮಾಡುವುದನ್ನೂ ಕಲಿಯಲಿ ಎಂದು ಕಳಿಸುತ್ತಾರಂತೆ. "ಅದರಿಂದ ನಮಗೇನ್ರೀ?" ಎನ್ನಬೇಡಿ ಸೋದರಿಯರೇ. ಕೂಡಿ ಮಾಡಬೇಕಾದ ಕೆಲಸ ಮನೆಯಲ್ಲಿರುವಷ್ಟು ಯಾವ ಆಫೀಸಿನಲ್ಲಿದೆ, ಹೇಳಿ?

ನಮ್ಮ ಎದುರು ಮನೆಯ ಸೊಸೆ ಹೀಗೇ ತನ್ನ ಬ್ಯಾಂಕಿನವರೊಂದಿಗೆ ಚಿಕ್ಕಮಗಳೂರು ಕಡೆಯ ಒಂದು ಕಾಫಿ ತೋಟದ ಮನೆಗೆ ಹೋಗಿಬಂದಳು. ಒಟ್ಟು ಹನ್ನೆರಡು ಮಂದಿ. "ಅಡುಗೆ ನಾವೇ ಮಾಡಿಕೊಳ್ಳೋಣ, ಎಲ್ಲರೂ ಸೇರಿದರೆ ಎಷ್ಟು ಹೊತ್ತಿನ ಕೆಲಸ!" ಎಂದು ಉತ್ಸಾಹದಿಂದ ಹೊರಟರಂತೆ. ಮೊದಲ ರಾತ್ರಿ ಏನಾಯಿತು ಗೊತ್ತೇ? ಒಬ್ಬರು ಈರುಳ್ಳಿ ಎಲ್ಲಿದೆ ಎಂದು ಕೇಳಿ ಮಾಯವಾದರು. ಇನ್ನೊಬ್ಬರು ಫೋನು ಹಿಡಿದು ಅಂಗಳಕ್ಕೆ ನಡೆದರು. ಕಡೆಗೆ ಒಲೆಯ ಮುಂದೆ ಉಳಿದವರು ಗುಂಪಿನಲ್ಲಿದ್ದ ಮೂವರು ಹೆಂಗಸರು. ಊಟಕ್ಕೆ ಕೂತಾಗ ರಾತ್ರಿ ಹತ್ತೂವರೆ.

ಅವರೆಲ್ಲ ಮೈಗಳ್ಳರೆಂದು ತಿಳಿಯಬೇಡಿ. ಹತ್ತು ಜನ ಸೇರಿದಲ್ಲಿ ಹಾವು ಸಾಯದು ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಿದ್ದೇ? ಫ್ರಾನ್ಸಿನ ಕೃಷಿ ಇಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ ಇದನ್ನು ಹಗ್ಗ ಎಳೆಸಿ ಅಳೆದು ನೋಡಿ, 1913ರಲ್ಲಿ ಪ್ರಕಟಿಸಿದ. ಒಬ್ಬನೇ ಎಳೆಯುವಾಗಿನ ಶಕ್ತಿ 100 ಎಂದಿಟ್ಟುಕೊಳ್ಳಿ. ಮೂವರು ಸೇರಿದಾಗ ಅದು ತಲಾ 85ಕ್ಕೆ ಇಳಿಯಿತು. ಎಂಟು ಮಂದಿ ಸೇರಿದಾಗ ಸುಮಾರು ಅರ್ಧ! ಎಲ್ಲರ ಎಳೆತ ಒಂದೇ ಕ್ಷಣಕ್ಕೆ ಕೂಡಿಬರದಿರುವುದು ಒಂದು ಕಾರಣ. ಇನ್ನೊಂದು ಕಾರಣ ಮನಸ್ಸಿನದು. 1974ರಲ್ಲಿ ಅಮೆರಿಕದಲ್ಲಿ ಕೆಲವರ ಕಣ್ಣಿಗೆ ಬಟ್ಟೆ ಕಟ್ಟಿ, "ನಿಮ್ಮ ಹಿಂದೆ ಇನ್ನೂ ಕೆಲವರು ಎಳೆಯುತ್ತಿದ್ದಾರೆ" ಎಂದು ನಂಬಿಸಿ ಹಗ್ಗ ಎಳೆಸಿದರು. ಹಿಂದೆ ಯಾರೂ ಎಳೆಯುತ್ತಿರಲಿಲ್ಲ. ಆದರೂ ಇವರ ಹಿಡಿತ ಸಡಿಲವಾಯಿತು. ಮುಂದೆ 1981ರ ಪ್ರಯೋಗವೊಂದರಲ್ಲಿ, ಗುಂಪಾಗಿ ಕೂಗುವಾಗಲೂ ಒಬ್ಬೊಬ್ಬರ ದನಿಯನ್ನು ಬೇರೆಯಾಗಿ ಅಳೆಯುತ್ತೇವೆ ಎಂದಾಗ ಆ ಸಡಿಲ ಕಾಣಲಿಲ್ಲ. ನನ್ನ ಪಾಲು ಎಷ್ಟೆಂದು ಕಾಣುತ್ತದೆ ಅಂದರೆ ಕೈ ತಾನೇ ಬಿಗಿಯಾಗುತ್ತದೆ.

ಬ್ಯಾಂಕಿನ ಮ್ಯಾನೇಜರ್ ಈ ಪ್ರಯೋಗಗಳನ್ನೆಲ್ಲ ಓದಿದ್ದರೋ ಇಲ್ಲವೋ, ಮಾರನೆಯ ಬೆಳಿಗ್ಗೆ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಹೆಸರು ಬರೆದು ಗೋಡೆಗೆ ಅಂಟಿಸಿದರು. ಕಾಫಿ ಇವರದು, ತರಕಾರಿ ಇವರದು, ಪಾತ್ರೆ ಇವರದು. ತಮ್ಮ ಹೆಸರನ್ನೂ ಪಾತ್ರೆಯ ಸಾಲಿನಲ್ಲೇ ಬರೆದುಕೊಂಡರಂತೆ! ಒಂದು ಗಂಟೆಗೆ ಸರಿಯಾಗಿ ಊಟ ತಯಾರು. ಊಟವಾದ ಮೇಲೆ ಈ ಹುಡುಗಿ ಜಗಲಿಯ ಮೇಲೆ ಕೂತು ಗುಡ್ಡಕ್ಕೆ ಮಂಜು ಇಳಿಯುವುದನ್ನು ನೋಡಿದಳು. "ಮದುವೆಯಾದ ಮೇಲೆ ಹಾಗೆ ಸುಮ್ನೆ ಕೂತದ್ದು ಅದೇ ಮೊದಲು ಕಣ್ರೀ" ಎಂದಳು. ಆ ಮಾತು ಕೇಳಿ ನನಗೆ ಮನಸ್ಸು ಭಾರವಾಯಿತು.

ನಮ್ಮ ಮನೆಗಳಲ್ಲೂ ಅಷ್ಟೇ ಅಲ್ಲವೇ? "ಎಲ್ಲರೂ ಸ್ವಲ್ಪ ಕೈ ಹಾಕಿ" ಎನ್ನುತ್ತೇವೆ. ಎಲ್ಲರಿಗೂ ಹೇಳಿದ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಕೊನೆಗೆ ಸೊಂಟ ಹಿಡಿದುಕೊಳ್ಳುವವಳು ಗೃಹಿಣಿ. ಆದ್ದರಿಂದ ಕೆಲಸಕ್ಕೊಂದು ಹೆಸರು ಕೂಡಿಸಿ. ಯಜಮಾನರ ಹೆಸರನ್ನೂ ಬಿಡಬೇಡಿ. ಕೊಡುವಾಗ ಪೂರ್ತಿ ಕೊಡಿ. ಹಾಲು ಮಗನದು ಅಂದರೆ ತರುವುದು, ಕಾಯಿಸುವುದು, ನಾಳೆಗೆ ಸಾಕೇ ಎಂದು ನೋಡುವುದು ಎಲ್ಲವೂ ಅವನದೇ. ಜ್ಞಾಪಿಸುವ ಕೆಲಸ ನಿಮ್ಮಲ್ಲೇ ಉಳಿದರೆ ಅರ್ಧ ಭಾರ ನಿಮ್ಮ ತಲೆಯ ಮೇಲೇ ಉಳಿದಂತೆ.

ಇನ್ನೊಂದು ಕಿವಿಮಾತು. ಮಗಳು ಹೆಚ್ಚಿದ ಹುರುಳಿಕಾಯಿ ದಪ್ಪವಾಗಿರಬಹುದು, ಅವರು ಮಡಿಸಿದ ಸೀರೆ ಸೊಟ್ಟಗಿರಬಹುದು. ಇರಲಿ ಬಿಡಿ. ನೀವು ಮತ್ತೆ ಬಿಡಿಸಿ ಮಡಿಸಿದಿರೋ, ನಾಳೆಯಿಂದ ಆ ಕೆಲಸ ಪುನಃ ನಿಮ್ಮದೇ.

ಬರುವ ಹಬ್ಬಕ್ಕೆ ಮೂರು ದಿನ ಮುಂಚೆ ಒಂದು ಚೀಟಿ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿ ನೋಡಿ. ಮೊದಲು ಒಂದಿಷ್ಟು ಗೊಣಗಾಟ ಕೇಳಿಸೀತು, ಕೇಳಿಸಲಿ. ಹಬ್ಬದೂಟವನ್ನು ಎಲ್ಲರ ಜೊತೆ ಕೂತು, ಬಿಸಿಯಾಗಿ ಉಂಡಿರಾ ಇಲ್ಲವಾ ಅಂತ ನನಗೆ ಬರೆದು ತಿಳಿಸಿ.