ಹೆಡ್‌ಲೈಟಿಗೆ ಬೇಕಾದದ್ದು ದೊಡ್ಡ ಬಲ್ಬೇ?

ಹತ್ತನೆಯ ತರಗತಿಗೆ ಓಮ್‌ನ ನಿಯಮ ಪಾಠ ಮಾಡಿ ಮುಗಿಸಿ, ಸಂಶಯಗಳಿದ್ದರೆ ಕೇಳಿರೆಂದೆ. ಔರಾದದಿಂದ ಬಂದು ಬೀದರಿನ ಹಾಸ್ಟೆಲಿನಲ್ಲಿರುವ ಹುಡುಗನೊಬ್ಬ ಎದ್ದು ನಿಂತ.

"ಸರ, ನಮ್ಮಪ್ಪಾಜಿ ಗಾಡಿಗಿ ನೂರು ವ್ಯಾಟಿನ ಬಲ್ಬ್ ಹಾಕಿಸ್ಯಾರ. ಆದ್ರೂ ರಾತ್ರಿ ರಸ್ತಾ ಚೆಂದ ಕಾಣಲ್ಲ. ಹಿಂಗ್ಯಾಕ್ರಿ?"

ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ. ಹಿಂದಿನ ಕಬ್ಬಿನ ಹಂಗಾಮಿನಲ್ಲಿ ಭಾಲ್ಕಿಯಿಂದ ಮದುವೆ ಮುಗಿಸಿಕೊಂಡು ಬರುತ್ತಿದ್ದಾಗ, ರಸ್ತೆಯಲ್ಲೇ ಕೆಟ್ಟು ನಿಂತ ಕಬ್ಬಿನ ಟ್ರಾಲಿಯೊಂದು ನನ್ನ ಕಣ್ಣಿಗೆ ಬಿದ್ದದ್ದು ತೀರ ಹತ್ತಿರ ಹೋದ ಮೇಲೆ. ಅದಕ್ಕೆ ಹಿಂದೆ ದೀಪವಿರಲಿಲ್ಲ, ರಿಫ್ಲೆಕ್ಟರೂ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಮಗಳು ಮಲಗಿದ್ದಳು.

ಮರುದಿನ ಶಾಲೆಯ ಮಲ್ಟಿಮೀಟರನ್ನು, ಮುಖ್ಯೋಪಾಧ್ಯಾಯರನ್ನು ಕೇಳಿಯೇ, ಮನೆಗೆ ತಂದೆ. ಎಂಜಿನ್ ಚಾಲೂ ಇಟ್ಟು ದೀಪ ಹಚ್ಚಿ ಅಳೆದರೆ ಬ್ಯಾಟರಿಯಲ್ಲಿ 13.8 ವೋಲ್ಟ್, ಬಲ್ಬಿನ ಹೋಲ್ಡರಿನಲ್ಲಿ 12.4 ಮಾತ್ರ! ಉಳಿದ 1.4 ವೋಲ್ಟನ್ನು ತೆಳು ತಂತಿ, ಸವೆದ ಸ್ವಿಚ್ಚು, ತುಕ್ಕು ಹಿಡಿದ ಅರ್ಥಿಂಗ್ ಇವುಗಳ ರೋಧ ನುಂಗಿತ್ತು. ಶೇಕಡಾ ಹತ್ತು ತಾನೆ ಎನ್ನಬೇಡಿ. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜು ಶೇ. 10ರಷ್ಟು ಕಡಿಮೆಯಾದರೆ ಬೆಳಕು ಸುಮಾರು ಶೇ. 30ರಷ್ಟು ಕುಗ್ಗುತ್ತದೆ.

ಈಗ ಹುಡುಗನ ಪ್ರಶ್ನೆ. ಹ್ಯಾಲೊಜೆನ್ ದೀಪವಿರುವ ಕಾರುಗಳಲ್ಲಿ ಸಾಮಾನ್ಯವಾಗಿ ಕಾಣುವ ಬಲ್ಬು 60/55 ವ್ಯಾಟಿನದು. ದೂರದ ಬೆಳಕಿಗೆ 60, ಡಿಪ್ಪಿಗೆ 55. ಎರಡೂ ದೀಪಕ್ಕೆ 120 ವ್ಯಾಟ್, ಅಂದರೆ 12 ವೋಲ್ಟಿನಲ್ಲಿ 10 ಆಂಪಿಯರ್. ನೂರು ವ್ಯಾಟಿನದು ಹಾಕಿದರೆ ಸುಮಾರು 17 ಆಂಪಿಯರ್ ಹರಿಯಬೇಕು. ತಂತಿ ಮಾತ್ರ ಅದೇ! ಪ್ರವಾಹ ಹೆಚ್ಚಿದಂತೆ ದಾರಿಯಲ್ಲಿ ಸೋರುವ ವೋಲ್ಟೇಜೂ ಹೆಚ್ಚುತ್ತದೆ. ತಂತಿಯ ಶಾಖವಂತೂ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಸುಮಾರು ಮೂರು ಪಟ್ಟಾಗುತ್ತದೆ. ಹೋಲ್ಡರುಗಳು ಕರಗುವುದು ಹೀಗೆಯೇ.

ಇದಕ್ಕೆ ಮದ್ದು ರಿಲೇ. ಸ್ವಿಚ್ಚಿನ ಮೂಲಕ ಅಲ್ಪ ಪ್ರವಾಹ ಹರಿದು ಒಂದು ವಿದ್ಯುತ್ಕಾಂತವನ್ನು ಎಚ್ಚರಿಸುತ್ತದೆ. ದೊಡ್ಡ ಪ್ರವಾಹ ಬ್ಯಾಟರಿಯಿಂದ ಫ್ಯೂಸಿನ ಮೂಲಕ ದಪ್ಪ ತಂತಿಯಲ್ಲಿ ನೇರ ಬಲ್ಬಿಗೆ ಹೋಗುತ್ತದೆ. ನನ್ನ ಹಳೆಯ ಕಾರಿಗೆ ಇದನ್ನು ಹಾಕಿಸಿದ ಮೇಲೆ ಹೋಲ್ಡರಿನಲ್ಲಿ 13.4 ಬಂತು. ಬಲ್ಬು ಅದೇ 60/55. ಈಚಿನ ಹಲವು ಕಾರುಗಳಲ್ಲಿ ರಿಲೇ ಮೊದಲೇ ಇರುತ್ತದೆ, ಅಳೆದು ನೋಡಿಯೇ ಕೈಹಾಕಿ. ಹ್ಯಾಲೊಜೆನ್ ಬಲ್ಬಿನ ಜಾಗದಲ್ಲಿ ಎಲ್‌ಇಡಿ ತುರುಕುವವರೂ ಇದ್ದಾರೆ. ನಿಮ್ನ ದರ್ಪಣದ ಪ್ರಧಾನ ಸಂಗಮದಿಂದ ಬೆಳಕಿನ ಮೂಲ ಸ್ವಲ್ಪ ಸರಿದರೂ ಏನಾಗುತ್ತದೆಂದು ನೀವು ಓದಿದ್ದೀರಿ. ಬೆಳಕು ಎದುರಿನವರ ಕಣ್ಣಿಗೆ ಚೆಲ್ಲುತ್ತದೆ.

ಖರ್ಚಿಲ್ಲದ ಕೆಲಸಗಳೂ ಇವೆ. ಕಪ್ಪು ಮಣ್ಣಿನ ಧೂಳು ಹತ್ತಿದ ದೀಪದ ಗಾಜನ್ನು ಒರೆಸಿ. ಆಮೇಲೆ ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 5 ಮೀಟರ್ ದೂರ ಕಾರು ನಿಲ್ಲಿಸಿ ಡಿಪ್ ಹಚ್ಚಿ. ಬೆಳಕಿನ ಮೇಲಂಚು ದೀಪದ ಮಧ್ಯದ ಎತ್ತರಕ್ಕಿಂತ 5 ಸೆಂ.ಮೀ. ಕೆಳಗಿದ್ದರೆ ಇಳಿಜಾರು ಶೇ. 1. ದೀಪ ನೆಲದಿಂದ 65 ಸೆಂ.ಮೀ. ಎತ್ತರದಲ್ಲಿದ್ದರೆ ಆ ಅಂಚು ರಸ್ತೆಯನ್ನು ಮುಟ್ಟುವುದು 65 ಮೀಟರ್ ದೂರದಲ್ಲಿ. ಹತ್ತು ಸೆಂ.ಮೀ. ಕೆಳಗಿದ್ದರೆ? ಮಕ್ಕಳೇ, ನೀವೇ ಲೆಕ್ಕ ಹಾಕಿ. ಡಿಕ್ಕಿಯಲ್ಲಿ ತೊಗರಿಯ ಚೀಲ ಹೇರಿದರೆ ಮೂತಿ ಮೇಲೆದ್ದು ಈ ಲೆಕ್ಕವೆಲ್ಲ ತಲೆಕೆಳಗು.

ಇಷ್ಟೆಲ್ಲ ಮಾಡಿದರೂ ಅಂಚು ಮುಟ್ಟುವ ಕಡೆ ಬೆಳಕು ಮಂದವೇ. ದೀಪವಿಲ್ಲದ ಟ್ರಾಲಿ 50 ಮೀಟರಿನಿಂದ ಕಂಡರೆ ಪುಣ್ಯ. ಗಂಟೆಗೆ 60 ಕಿ.ಮೀ. ವೇಗದಲ್ಲಿ, ಬ್ರೇಕಿಗೆ ಕಾಲು ಹೋಗಲು ಒಂದೂವರೆ ಸೆಕೆಂಡೆಂದು ಹಿಡಿದರೆ ಅಷ್ಟರಲ್ಲಿ 25 ಮೀಟರ್, ಒಣ ರಸ್ತೆಯಲ್ಲಿ ನಿಲ್ಲಲು ಮತ್ತೆ ಸುಮಾರು 23: ಒಟ್ಟು 48. ವೇಗ 80 ಆದರೆ 74 ಮೀಟರ್. ಔರಾದ್ ರಸ್ತೆಯಲ್ಲಿ ಡಿಪ್ ಹಾಕಿ ಹೋಗುವಾಗ ನಾನು 60 ದಾಟುವುದಿಲ್ಲ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ.

ಮೊನ್ನೆ ಶನಿವಾರ ಹುಡುಗನನ್ನು ಕರೆದೊಯ್ಯಲು ಅವನ ತಂದೆ ಬಂದಿದ್ದರು. ನೂರು ವ್ಯಾಟಿನ ಬಲ್ಬು ತೆಗೆಸಿದ್ದಾರಂತೆ. ರಿಲೇ ಕೂಡಿಸಲು ಗ್ಯಾರೇಜಿನವನಿಗೆ ಇನ್ನೂ ಬಿಡುವಾಗಿಲ್ಲ. ಅಲ್ಲಿಯವರೆಗೆ ಹೊತ್ತು ಮುಳುಗುವ ಮುನ್ನವೇ ಹೊರಡುತ್ತೇವೆ ಎಂದರು.